ಶಾಸಕರ ಅಂಗಳದಲ್ಲಿ ಮಟ್ಟೆ ಇರಲಿಲ್ಲ

ಹೋದ ತಿಂಗಳು ತಿಪಟೂರಿನಲ್ಲಿ ನಡೆದ ಶ್ರದ್ಧಾಂಜಲಿ ಸಭೆಯಲ್ಲಿ ಏಳು ಜನ ಮಾತನಾಡಿದರು. ಅವರಲ್ಲಿ ಐದು ಜನ ತೀರಿಕೊಂಡವರನ್ನು ಅಜಾತಶತ್ರು ಎಂದರು. ಹಿಂದಿನ ಸಾಲಿನಲ್ಲಿ, ಫ್ಯಾನಿನ ಗಾಳಿ ಬಾರದ ಕುರ್ಚಿಯಲ್ಲಿ ಕೂತಿದ್ದ ನನಗೆ ಆ ಮಾತು ಕೇಳಿದಾಗಲೆಲ್ಲ ಮೈ ಉರಿಯಿತು. ಶತ್ರುಗಳೇ ಇಲ್ಲದ ಮನುಷ್ಯನನ್ನು ಚುನಾವಣೆಯಲ್ಲಿ ಸೋಲಿಸಿದವರು ಯಾರು? ಅವರ ಗೇಟಿನ ಮುಂದೆ ನಿಂತು ಮಣ್ಣು ತೂರಿ ಶಾಪ ಹಾಕಿದವರು ಯಾರು? ಆ ಗುಂಪಿನಲ್ಲಿದ್ದ ನಾಲ್ಕೈದು ಮುಖಗಳು ನನ್ನ ಮುಂದಿನ ಸಾಲಿನಲ್ಲೇ ಕೂತು ಕರವಸ್ತ್ರದಿಂದ ಕಣ್ಣೊರೆಸಿಕೊಳ್ಳುತ್ತಿದ್ದವು.

ಕೊನೆಗೆ ನನ್ನನ್ನೂ ಕರೆದರು. "ಡಾಕ್ಟ್ರ ಷೇರು ವ್ಯವಹಾರ ನೋಡ್ಕೊಳ್ತಿದ್ದೋರು ಇಲ್ಲೇ ಅವ್ರೆ, ಎರಡು ಮಾತಾಡ್ಲಿ" ಎಂದರು. ಹೇಳಬೇಕಾದ್ದು ಒಂದೇ ಒಂದಿತ್ತು. ಅದನ್ನು ಬಾಯಲ್ಲಿಟ್ಟುಕೊಂಡೇ ವೇದಿಕೆ ಹತ್ತಿದೆ. ಮೈಕು ಹಿಡಿದೆ. "ಅವರು ಅಜಾತಶತ್ರು" ಎಂದು ಹೇಳಿ ಇಳಿದುಬಂದೆ. ನನಗೆ ನನ್ನ ಮೇಲೇ ಅಸಹ್ಯವಾಯಿತು. ಅದಕ್ಕೇ ಈಗ ಬರೆಯುತ್ತಿದ್ದೇನೆ.

ಅವರ ಹೆಸರು ಬರೆಯುವುದಿಲ್ಲ. ನಾವೆಲ್ಲ ಅವರನ್ನು ಡಾಕ್ಟ್ರು ಎಂದೇ ಕರೆಯುತ್ತಿದ್ದದ್ದು, ಶಾಸಕರಾದ ಮೇಲೂ. ದನದ ಡಾಕ್ಟರಾಗಿದ್ದವರು. ಅರ್ಧ ತೋಳಿನ ಕಂದು ಅಂಗಿ, ಎಮ್ಮೆ ಒದ್ದು ಚಪ್ಪಟೆಯಾದ ಬಲಗೈ ಹೆಬ್ಬೆರಳು. ಯೋಚನೆಗೆ ಬಿದ್ದರೆ ಆ ಹೆಬ್ಬೆರಳನ್ನು ಇನ್ನೊಂದು ಕೈಯಿಂದ ಉಜ್ಜುತ್ತಾ ಕೂರುತ್ತಿದ್ದರು.

ನನ್ನ ವಿಷಯವನ್ನೂ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನಾನು ಷೇರು ದಲ್ಲಾಳಿ. ತಿಪಟೂರಿನ ಕೊಬ್ಬರಿ ಮಾರುಕಟ್ಟೆಯ ಹತ್ತಿರ, ಗೋಣಿಚೀಲದ ಅಂಗಡಿಯೊಂದರ ಮಹಡಿಯ ಮೇಲೆ ನನ್ನ ಆಫೀಸು. ಈಗ ಎಲ್ಲರ ಮೊಬೈಲಿನಲ್ಲೂ ಷೇರುಪೇಟೆ ಇದೆ, ಆದರೂ ಮೆಟ್ಟಿಲು ಹತ್ತಿ ಬಂದು ಎದುರಿಗೆ ಕೂತು ಕೇಳಿದರೇ ಸಮಾಧಾನ ಅನ್ನುವವರು ಇನ್ನೂ ಇದ್ದಾರೆ. ಈ ಕೆಲಸಕ್ಕೆ ಪರೀಕ್ಷೆ ಬರೆಯಬೇಕು. ಆ ಪರೀಕ್ಷೆಗೆ ಓದಿದ್ದರಲ್ಲಿ ನನ್ನ ತಲೆಗೆ ಗಟ್ಟಿಯಾಗಿ ಅಂಟಿಕೊಂಡದ್ದು ಒಂದೇ ಪಾಠ. ಒಳಗಿನ ಸುದ್ದಿ ಗೊತ್ತಿರುವವರು ಅದು ಹೊರಗೆ ಬರುವ ಮುಂಚೆ ಷೇರು ಕೊಳ್ಳಬಾರದು, ಮಾರಬಾರದು, ಇನ್ನೊಬ್ಬರ ಕಿವಿಗೂ ಹಾಕಬಾರದು. ಅದನ್ನು ಓದಿದ ದಿನದಿಂದ ಯಾರು ಏನು ಕೊಂಡರೂ 'ಇವರಿಗೆ ಯಾರು ಹೇಳಿದರು?' ಎನ್ನುವುದೇ ನನಗೆ ಮೊದಲು ಹೊಳೆಯುವುದು. ನಮ್ಮ ಮನೆಯವಳು ಸಂತೆಯಿಂದ ಅವರೆಕಾಯಿ ಅಗ್ಗಕ್ಕೆ ತಂದರೂ ವಿಚಾರಣೆ ಮಾಡುತ್ತೇನೆ.

ಡಾಕ್ಟ್ರನ್ನು ಮೊದಲು ನೋಡಿದ್ದು ಬಿಳಿಗೆರೆಯ ನಮ್ಮ ಮನೆಯಲ್ಲಿ. ಹಸು ಮೇವು ಬಿಟ್ಟು ಎರಡು ದಿನವಾಗಿತ್ತು. ಬಂದವರು ನನ್ನ ಮುಖವನ್ನೂ ನೋಡದೆ ಸೀದಾ ಕೊಟ್ಟಿಗೆಗೆ ನಡೆದರು. ಹಸುವಿನ ಎರಡೂ ಕಿವಿಯನ್ನು ಅಂಗೈಯಲ್ಲಿ ಹಿಡಿದು ನಿಂತರು, ಆಮೇಲೆ ಅದರ ಕಣ್ಣನ್ನೇ ನೋಡುತ್ತಾ ಬಹಳ ಹೊತ್ತು ಕೂತರು. ನಾನು ಕಾಫಿ ತರಿಸಿದೆ. "ಆಮ್ಯಾಕೆ ಕಣಯ್ಯ" ಎಂದರು. ಸೂಜಿ ಚುಚ್ಚಿ, ಕೈ ತೊಳೆದ ಮೇಲೆ ಕಾಫಿ ಕುಡಿಯುತ್ತಾ, "ಬಾಯಿಲ್ಲದ್ರ ಹತ್ರ ಮಾತಾಡೋದೇ ಸಲೀಸು. ನೋವು ಎಲ್ಲೈತೋ ಅಲ್ಲೇ ತೋರಿಸ್ತವೆ" ಎಂದರು. ಫೀಸು ಕೇಳಿದರೆ ಬೇಡ ಎಂದು, ಅಟ್ಟದ ಕೆಳಗೆ ಬಿದ್ದಿದ್ದ ಒಂದು ತೆಂಗಿನಕಾಯಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿ ಚೀಲಕ್ಕೆ ಹಾಕಿಕೊಂಡರು. ಹೋದ ಮನೆಯಲ್ಲೆಲ್ಲ ಒಂದೊಂದು ಕಾಯಿ ತೆಗೆದುಕೊಳ್ಳುತ್ತಾರೆ ಎಂದು ಆಮೇಲೆ ತಿಳಿಯಿತು. ಜನಕ್ಕೆ ಅದು ದೊಡ್ಡ ಗುಣವಾಗಿ ಕಂಡಿತ್ತು. ನನಗೆ ಮಾತ್ರ, ಮನೆಗೊಂದರಂತೆ ಮೂರು ತಾಲ್ಲೂಕಿನ ಕಾಯಿ ಸೇರಿದರೆ ಎಷ್ಟಾಗುತ್ತದೆ ಎಂಬ ಯೋಚನೆ ಹತ್ತಿಕೊಂಡಿತು. ಅನುಮಾನದ ಮೊದಲ ಬೀಜ ಬಿದ್ದದ್ದು ಹಾಗೆ.

ಆಮೇಲೆ ಅವರೇ ನನ್ನ ಗಿರಾಕಿಯಾದರು. ತಿಂಗಳಿಗೊಂದು ಸಲ ಮೆಟ್ಟಿಲು ಹತ್ತಿ ಬರುತ್ತಿದ್ದರು. "ಏನ್ ಷೇರಪ್ಪಾ, ಇವತ್ತು ಮೇಲೋ ಕೆಳಗೋ?" ನನಗೆ ಆ ಹೆಸರಿಟ್ಟವರು ಅವರೇ. ಈಗ ಇಡೀ ಪೇಟೆ ಅದೇ ಹೆಸರಿನಲ್ಲಿ ಕರೆಯುತ್ತದೆ. ಅವರು ಕೊಂಡದ್ದು ಆರೋ ಏಳೋ ಕಂಪನಿಯ ಷೇರು, ಅದೂ ಸ್ವಲ್ಪ ಸ್ವಲ್ಪ. ಪ್ರತಿಯೊಂದಕ್ಕೂ "ಇವ್ರು ಏನ್ ಮಾಡ್ತಾರಯ್ಯ?" ಎಂದು ಕೇಳುತ್ತಿದ್ದರು. ಸೋಪು, ಪಂಪ್‌ಸೆಟ್ಟು, ತೆಂಗಿನ ಚಿಪ್ಪಿನ ಇದ್ದಿಲು ಎಂದು ಹೇಳಿದರೆ ತಲೆಯಾಡಿಸುತ್ತಿದ್ದರು. ಯಾವುದೋ ಹಣಕಾಸು ಕಂಪನಿಯ ವಿಷಯವನ್ನು ಕಾಲು ಗಂಟೆ ವಿವರಿಸಿದರೆ, ನಾನು ಕೊಟ್ಟ ಕಾಗದವನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, "ಇದ್ರೊಳಗೆ ಇನ್ನೂ ನೀರು ಐತೆ ಕಣಯ್ಯ, ಬ್ಯಾಡ" ಎಂದು ವಾಪಸ್ ಕೊಟ್ಟಿದ್ದರು.

ಎರಡನೇ ಸಲ ಚುನಾವಣೆಗೆ ನಿಂತಾಗ ಗೆದ್ದು ಶಾಸಕರಾದರು. ಗೆದ್ದ ವಾರದಲ್ಲೇ ಆಫೀಸಿಗೆ ಬಂದರು. ಜತೆಗಿದ್ದ ಐದಾರು ಜನರನ್ನು ಕೆಳಗೇ ನಿಲ್ಲಿಸಿ ಒಬ್ಬರೇ ಮೇಲೆ ಬಂದು ಬಾಗಿಲು ಹಾಕಿದರು. ಬಂತಲ್ಲ, ಇನ್ನು ಹೆಂಡತಿಯ ಹೆಸರಿಗೆ, ಭಾಮೈದನ ಹೆಸರಿಗೆ ಎಂದು ಶುರುವಾಗುತ್ತದೆ ಎಂದುಕೊಂಡೆ.

"ನಮ್ಮಂಥೋರು ಷೇರು ಇಟ್ಕೋಬೌದಾ?" ಎಂದು ಕೇಳಿದರು.

"ಇಟ್ಕೋಬೌದು ಡಾಕ್ಟ್ರೇ. ಚುನಾವಣೆಗೆ ನಿಂತಾಗ ಆಸ್ತಿ ಪಟ್ಟೀಲಿ ತೋರಿಸಿದೀರಲ್ಲ, ಸಾಕು. ಆದ್ರೆ ಒಳಗಿನ ಸುದ್ದಿ ತಿಳ್ಕೊಂಡು ವ್ಯವಹಾರ ಮಾಡಂಗಿಲ್ಲ."

"ತಿಳ್ಕೊಂಡ್ರೇ ತಪ್ಪಾ?"

"ತಿಳ್ಕೊಂಡ್ರೆ ತಪ್ಪಿಲ್ಲ. ತಿಳ್ಕೊಂಡು ಕೊಂಡ್ರೆ ತಪ್ಪು, ಮಾರಿದ್ರೆ ತಪ್ಪು, ಇನ್ನೊಬ್ರಿಗೆ ಹೇಳಿದ್ರೂ ತಪ್ಪು."

"ಸುಮ್ನಿದ್ರೆ?"

"ಸುಮ್ನಿದ್ರೆ ಏನೂ ಇಲ್ಲ."

ಅವರು ಹೆಬ್ಬೆರಳು ಉಜ್ಜುತ್ತಾ ಕೂತರು. ಆಮೇಲೆ, "ದಿನಾ ಒಂದಲ್ಲ ಒಂದು ಕಿವಿಗೆ ಬೀಳ್ತಾನೇ ಇರ್ತದೆ. ಎಲ್ಲಿ ಅಂತ ಕಾಯ್ಕೊಂಡಿರಾಣ? ಎಲ್ಲಾನೂ ಮಾರಿಬುಡು" ಎಂದರು.

ಮಾರಿದೆ. ಒಳ್ಳೆಯ ಕೆಲಸ ಮಾಡಿದರು ಎಂದು ನಿಮಗೆ ಅನ್ನಿಸಬಹುದು. ನನಗೆ ಅನ್ನಿಸಿದ್ದು, ಇವರು ಬೇರೆಲ್ಲೋ ಬೇರೆಯವರ ಹೆಸರಿನಲ್ಲಿ ಖಾತೆ ತೆರೆದಿದ್ದಾರೆ ಎಂದು. ಅರಸೀಕೆರೆಯಲ್ಲಿ, ತುಮಕೂರಿನಲ್ಲಿ ನನ್ನಂತೆಯೇ ಷೇರು ಆಫೀಸು ಇಟ್ಟುಕೊಂಡಿದ್ದ ಸ್ನೇಹಿತರನ್ನು ಸೂಕ್ಷ್ಮವಾಗಿ ವಿಚಾರಿಸಿದೆ. ಎಲ್ಲೂ ಏನೂ ಸಿಕ್ಕಲಿಲ್ಲ. ಸಿಕ್ಕದಷ್ಟೂ ಇವರು ಎಷ್ಟು ಜಾಣರಿರಬೇಕು ಎಂದು ನನ್ನ ಅನುಮಾನ ಬಲಿಯುತ್ತಾ ಹೋಯಿತು.

ಅದಾಗಿ ಮೂರು ವರ್ಷಕ್ಕೆ ಕೊಬ್ಬರಿ ಬೆಲೆಯ ವಿಷಯ ನೋಡಲು ಶಾಸಕರದೊಂದು ಸಮಿತಿಯಾಯಿತು. ಸರ್ಕಾರ ಬೆಂಬಲ ಬೆಲೆಗೆ ಕೊಬ್ಬರಿ ಕೊಳ್ಳಬೇಕೇ, ಕೊಂಡರೆ ಯಾವಾಗ, ಮೇಲೆ ಇನ್ನಷ್ಟು ಸೇರಿಸಿ ಕೊಡಬೇಕೇ ಎನ್ನುವುದನ್ನೆಲ್ಲ ಆ ಸಮಿತಿ ಹೇಳಬೇಕಿತ್ತು. ಡಾಕ್ಟ್ರು ಅದರಲ್ಲಿ ಒಬ್ಬರು. ನನ್ನ ಕಿವಿ ನೆಟ್ಟಗಾಯಿತು. ಷೇರು ಮಾರಿದ್ದರು, ಸರಿ. ಅಟ್ಟ ಇತ್ತಲ್ಲ?

ನಮ್ಮ ಕಡೆಯ ಅಟ್ಟದ ವಿಷಯ ಗೊತ್ತಿಲ್ಲದವರಿಗೆ ಇಷ್ಟು ಹೇಳುತ್ತೇನೆ. ನಾವು ಕಾಯಿಯನ್ನು ಕಿತ್ತ ಕೂಡಲೇ ಮಾರುವುದಿಲ್ಲ. ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ಹೆಚ್ಚುಕಡಿಮೆ ಒಂದು ವರ್ಷ ಬಿಡುತ್ತೇವೆ. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆ ಕೊಬ್ಬರಿಯಾಗುತ್ತದೆ. ಅಲ್ಲಾಡಿಸಿದರೆ ಗಡಗಡ ಎನ್ನುತ್ತದೆ. ಆಗ ಅಟ್ಟ ಇಳಿಸಿ, ಸುಲಿಸಿ, ಒಡೆಸಿ, ಚೀಲಕ್ಕೆ ತುಂಬಿ ಹರಾಜಿಗೆ ತರುವುದು. ಸುಲಿದ ಸಿಪ್ಪೆ, ಅಂದರೆ ಮಟ್ಟೆ, ಅಂಗಳದಲ್ಲಿ ಗುಡ್ಡೆ ಬೀಳುತ್ತದೆ. ಅದನ್ನು ಮುಚ್ಚಿಡಲು ಯಾರಿಂದಲೂ ಆಗುವುದಿಲ್ಲ. ಅದಕ್ಕೇ ನಮ್ಮಲ್ಲಿ ಇನ್ನೊಬ್ಬರ ಅಂಗಳ ನೋಡುವ ಚಾಳಿ. ತಿಳಿವಳಿಕಸ್ಥರ ಅಂಗಳದಲ್ಲಿ ಮಟ್ಟೆ ಬಿತ್ತು ಎಂದರೆ ಬೆಲೆ ಇಷ್ಟೇ, ಇನ್ನು ಏರುವುದಿಲ್ಲ ಎಂದು ಲೆಕ್ಕ. ಬೀಳಲಿಲ್ಲ ಎಂದರೆ ಕಾಯಬೇಕು.

ಡಾಕ್ಟ್ರ ಮನೆ ಶೆಟ್ಟಿಕೆರೆ ರಸ್ತೆಯ ಬದಿಗೇ ಇತ್ತು. ತಿಪಟೂರಿನಿಂದ ಹೊರಟ ಬಸ್ಸಿನ ಎಡಗಡೆ ಕಿಟಕಿಯಲ್ಲಿ ಕೂತರೆ ಅಂಗಳ ಪೂರ್ತಿ ಕಾಣುತ್ತಿತ್ತು. ಪ್ರತಿ ವರ್ಷ ಸಂಕ್ರಾಂತಿ ಕಳೆದು ಹದಿನೈದು ದಿನಕ್ಕೆ ಅವರ ಮನೆಯಲ್ಲಿ ಸುಲಿಯುವವರು ಬಂದು ಕೂರುತ್ತಿದ್ದರು. ಸಮಿತಿಯಾದ ವರ್ಷ ಸಂಕ್ರಾಂತಿ ಹೋಯಿತು, ಶಿವರಾತ್ರಿಯೂ ಹೋಯಿತು. ನಾನು ಆ ಕಡೆ ಕೆಲಸವಿಲ್ಲದಿದ್ದರೂ ಎರಡು ಮೂರು ಸಲ ಬಸ್ಸು ಹತ್ತಿ ಹೋಗಿ ನೋಡಿಬಂದೆ. ಅಂಗಳ ಗುಡಿಸಿ ರಂಗೋಲಿ ಹಾಕಿತ್ತು. ಒಂದೇ ಒಂದು ಮಟ್ಟೆ ಇರಲಿಲ್ಲ.

ಸಿಕ್ಕಿಬಿದ್ದರು ಎಂದುಕೊಂಡೆ. ಷೇರಿನ ಮೇಲೆ ಕಾನೂನಿನ ಕಣ್ಣಿದೆ, ಕೊಬ್ಬರಿಯ ಮೇಲೆ ಯಾರ ಕಣ್ಣಿದೆ? ಬೆಲೆ ಏರಿಸಲು ಸಮಿತಿ ತೀರ್ಮಾನ ಮಾಡಿದೆ, ಅದು ಹೊರಗೆ ಬರುವ ತನಕ ಇವರು ಅಟ್ಟ ಇಳಿಸುವುದಿಲ್ಲ. ನನಗೆ ಎಲ್ಲ ಸ್ಪಷ್ಟವಾಗಿ ಕಂಡಂತಾಯಿತು, ಒಳಗೊಳಗೇ ಖುಷಿಯೂ ಆಯಿತು.

ಆ ಖುಷಿಯನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳಲಾಗಲಿಲ್ಲ. ಆಫೀಸಿನ ಕೆಳಗಿನ ಗೋಣಿಚೀಲದ ಅಂಗಡಿಯ ಶೆಟ್ಟರ ಹತ್ತಿರ ಒಂದು ಮಾತು ಬಿಟ್ಟೆ. "ಡಾಕ್ಟ್ರ ಅಂಗಳದಲ್ಲಿ ಇನ್ನೂ ಮಟ್ಟೆ ಬಿದ್ದಿಲ್ಲ ಶೆಟ್ರೇ. ಅವ್ರು ಸಮಿತೀಲಿರೋರು. ಯೋಚ್ನೆ ಮಾಡಿ." ಅಷ್ಟೇ ನಾನು ಹೇಳಿದ್ದು. ಆದರೆ ಅಟ್ಟ ಇಳಿಸುವ ಪ್ರತಿಯೊಬ್ಬನೂ ಚೀಲಕ್ಕೆ ಶೆಟ್ಟರ ಹತ್ತಿರವೇ ಬರಬೇಕು. ಮೂರೇ ದಿನಕ್ಕೆ, ನಾನು ಕ್ಷೌರಕ್ಕೆ ಕೂತಿದ್ದಾಗ, ಪಕ್ಕದ ಕುರ್ಚಿಯವನು ಹೇಳಿದ: "ಡಾಕ್ಟ್ರೇ ಹೇಳವ್ರಂತೆ ಕಣ್ಲಾ, ಯಾರೂ ಈಗ್ಲೇ ಇಳಿಸ್ಬ್ಯಾಡಿ, ರೇಟು ಏರ್ತದೆ ಅಂತ."

ನನ್ನ ಮಾತೇ ಡಾಕ್ಟ್ರ ಹೆಸರು ಹೊತ್ತುಕೊಂಡು ನನ್ನ ಕಿವಿಗೆ ವಾಪಸ್ ಬಂದಿತ್ತು. ಅಲ್ಲ ಕಣಪ್ಪ, ಅದು ನನ್ನ ಊಹೆ ಎಂದು ಅಲ್ಲೇ ಹೇಳಬಹುದಿತ್ತು. ಹೇಳಲಿಲ್ಲ. ಹೇಳದಿದ್ದುದು ಮಾತ್ರವಲ್ಲ, ಹೌದಾ, ಡಾಕ್ಟ್ರೇ ಹೇಳಿದರಾ, ಹಾಗಾದರೆ ನನ್ನ ಅನುಮಾನ ನಿಜ ಎಂದು ನಾನೇ ನಂಬಿದೆ. ನಾನು ಇಷ್ಟು ದೊಡ್ಡ ಪೆದ್ದ ಎಂದು ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ.

ನಮ್ಮ ಮನೆಯಲ್ಲಿ ಮಾತ್ರ ಈ ಲೆಕ್ಕ ನಡೆಯಲಿಲ್ಲ. "ಇಳ್ಸಾಣ ಕಣ್ರೀ, ಈಗಿನ ರೇಟು ಏನೂ ಕಮ್ಮಿ ಇಲ್ಲ" ಎಂದು ಮನೆಯವಳು ದಿನಾ ಹೇಳುತ್ತಿದ್ದಳು. ನಾನು ದಿನಾ ಗದರುತ್ತಿದ್ದೆ. ಅಷ್ಟರಲ್ಲಿ ತುರುವೇಕೆರೆಯಲ್ಲಿ ನನ್ನ ಚಿಕ್ಕಪ್ಪನ ಮನೆಯ ಮದುವೆ ಬಂತು. ಮೂರು ದಿನ ಅಲ್ಲೇ ಇದ್ದೆ. ವಾಪಸ್ ಬಂದು ನೋಡಿದರೆ ಹಿತ್ತಲಲ್ಲಿ ಮಟ್ಟೆಯ ಗುಡ್ಡ! ಅಟ್ಟ ಖಾಲಿ. ಕೊಬ್ಬರಿ ಚೀಲಕ್ಕೆ ಬಿದ್ದು ಹರಾಜಿಗೂ ಹೋಗಿಯಾಗಿತ್ತು. ನಾನು ಕೂಗಾಡಿದೆ. ಅವಳು ತಣ್ಣಗೆ ಅನ್ನಕ್ಕಿಡುತ್ತಾ, "ಡಾಕ್ಟ್ರ ಅಂಗಳ ನೋಡ್ಕಂಡು ನಾನು ಸಂಸಾರ ಮಾಡಕ್ಕಾಯ್ತದಾ?" ಎಂದಳು.

ಇದಾಗಿ ತಿಂಗಳಿಗೆ ಸುದ್ದಿ ಹೊರಬಿತ್ತು. ಈ ಸಲ ಸರ್ಕಾರ ಕೊಬ್ಬರಿ ಕೊಳ್ಳುವುದಿಲ್ಲ, ಮುಂದಿನ ವರ್ಷ ನೋಡೋಣ ಎಂದರು. ಸಮಿತಿ ಕೊಳ್ಳಿ ಎಂದೇ ಬರೆದುಕೊಟ್ಟಿತ್ತಂತೆ, ಮೇಲಿನವರು ಒಪ್ಪಲಿಲ್ಲವಂತೆ. ಕಾದು ಕೂತಿದ್ದ ಅಟ್ಟಗಳೆಲ್ಲ ಒಂದೇ ವಾರದಲ್ಲಿ ಇಳಿದವು. ಹರಾಜಿನ ದಿನ ಮಾರುಕಟ್ಟೆಯಲ್ಲಿ ಚೀಲ ಇಡಲು ಜಾಗವಿರಲಿಲ್ಲ. ಬೆಲೆ ಕುಸಿದುಹೋಯಿತು. ಶೆಟ್ಟರ ಅಂಗಡಿಯ ಮುಂದೆ ಹೆಂಗಸೊಬ್ಬಳು ಖಾಲಿ ಚೀಲದ ಕಟ್ಟಿನ ಮೇಲೆ ಕೂತು ಅಳುತ್ತಿದ್ದುದನ್ನು ಕಿಟಕಿಯಿಂದ ನೋಡಿ ಕಿಟಕಿ ಹಾಕಿಕೊಂಡೆ.

ಜನ ಡಾಕ್ಟ್ರ ಗೇಟಿಗೆ ಹೋದದ್ದು ಆವಾಗಲೇ. "ನೀವೇ ತಡೀರಿ ಅಂದು, ನೀವೇ ಹಳ್ಳಕ್ಕೆ ತಳ್ಳಿದ್ರಿ" ಎಂದು ಮಣ್ಣು ತೂರಿದರು. ಅವರು ಹೊರಗೆ ಬಂದು, "ನಾನು ಯಾರಿಗೂ ಏನೂ ಹೇಳಿಲ್ಲ" ಎಂದಷ್ಟೇ ಹೇಳಿದರಂತೆ. ಯಾರು ನಂಬುತ್ತಾರೆ? ಅಷ್ಟರಲ್ಲಿ ಇನ್ನೊಂದು ಸುದ್ದಿ ಹುಟ್ಟಿತು. ಡಾಕ್ಟ್ರು ತಮ್ಮ ಕಾಯಿಯನ್ನು ಬೆಲೆ ಬೀಳುವ ಮುಂಚೆಯೇ ಗುಟ್ಟಾಗಿ ಬೋರನಕಣಿವೆ ಕಡೆಯ ನೆಂಟರ ಮನೆಗೆ ಸಾಗಿಸಿ, ಅಲ್ಲಿಂದ ಮಾರಿದ್ದಾರೆ, ಅದಕ್ಕೇ ಅಂಗಳದಲ್ಲಿ ಮಟ್ಟೆ ಇರಲಿಲ್ಲ ಎಂದು. ನನಗೆ ಇದು ಬಹಳ ಹಿಡಿಸಿತು. ಇಷ್ಟು ದಿನ ಹುಡುಕುತ್ತಿದ್ದದ್ದು ಇದೇ ಅಲ್ಲವೇ? ಒಂದು ಭಾನುವಾರ ಮಧ್ಯಾಹ್ನ, ಕಣ್ಣಾರೆ ನೋಡಿಯೇ ಬಿಡೋಣ ಎಂದು ಅವರ ಮನೆಗೆ ಹೋದೆ.

ಅವರು ಅಂಗಳದಲ್ಲಿ ಕರುವಿನ ಬಾಯಿಗೆ ಬಿದಿರಿನ ಗೊಟ್ಟದಲ್ಲಿ ಔಷಧಿ ಹಾಕುತ್ತಿದ್ದರು. "ಬಾ ಷೇರಪ್ಪಾ" ಎಂದರು. ಮುಖ ಇಳಿದುಹೋಗಿತ್ತು. ಏನೇನೋ ಸುತ್ತಿ ಬಳಸಿ ಮಾತಾಡಿ ಕೊನೆಗೆ, "ಅಟ್ಟ ಇಳ್ಸಿದ್ರಾ ಡಾಕ್ಟ್ರೇ?" ಎಂದು ಕೇಳಿದೆ. ಅವರು ನನ್ನನ್ನೇ ಒಂದು ಗಳಿಗೆ ನೋಡಿ, ಏಣಿ ತೋರಿಸಿದರು. "ನೀನೇ ಹತ್ತಿ ನೋಡು. ನಾನೂ ಬತ್ತೀನಿ."

ಮೇಲೆ ಕಾಲಿಡುತ್ತಲೇ ಕಮಟು ವಾಸನೆ ಮೂಗಿಗೆ ಬಡಿಯಿತು. ಅಟ್ಟ ಖಾಲಿಯಾಗಿರಲಿಲ್ಲ. ಸೂರಿಗೆ ತಾಗುವಷ್ಟು ಕಾಯಿ. ಎದುರಿಗೆ ಹೊಸದು, ಅದರ ಹಿಂದೆ ಕಪ್ಪಗಾದ ಹಳೆಯದು. ಅವರು ಹಳೆಯದರಲ್ಲೊಂದನ್ನು ಎತ್ತಿ ನನ್ನ ಕಿವಿಯ ಹತ್ತಿರ ಅಲ್ಲಾಡಿಸಿದರು. ಗಡಗಡ ಎನ್ನಲಿಲ್ಲ. ಒಳಗೆ ಹುಳ ಕೊರೆದ ಪುಡಿ ಸರಸರ ಸರಿದ ಸದ್ದು.

"ಯಾಕೆ ಡಾಕ್ಟ್ರೇ?" ಎಂದೆ.

"ನೀನೇ ಹೇಳಿದ್ಯಲ್ಲಪ್ಪ. ತಿಳ್ಕೊಂಡು ಕೊಂಡ್ರೂ ತಪ್ಪು, ಮಾರಿದ್ರೂ ತಪ್ಪು, ಇನ್ನೊಬ್ರಿಗೆ ಹೇಳಿದ್ರೂ ತಪ್ಪು. ಸುಮ್ನಿದ್ರೆ ಏನೂ ಇಲ್ಲ ಅಂತ."

"ಅದು ಷೇರಿಗೆ ಡಾಕ್ಟ್ರೇ!"

"ಕಂಪ್ನಿ ಷೇರಿಗೊಂದು ನ್ಯಾಯ, ಕೊಬ್ಬರಿಗೊಂದು ನ್ಯಾಯಾನಾ? ಆ ಸಮಿತೀಲಿ ಇವತ್ತು ಕೊಳ್ತಾರೆ ಅಂತಾರೆ, ನಾಳೆ ಇಲ್ಲ ಅಂತಾರೆ. ಎಲ್ಲಾ ನನ್ನ ಕಿವೀಲೈತೆ. ಏರ್ತದೆ ಅಂತ ಗೊತ್ತಿದ್ದು ತಡೆದ್ರೂ ಮೋಸ, ಇಳೀತದೆ ಅಂತ ಗೊತ್ತಿದ್ದು ಮಾರಿದ್ರೂ ಮೋಸ. ಸಮಿತೀಲಿರೋ ಗಂಟ ಅಟ್ಟ ಮುಟ್ಟೋದೇ ಬ್ಯಾಡ ಅಂದ್ಕೊಂಡೆ. ನಮ್ಮನೆಯೋಳು ಬೈದ್ಲು. ಬೈಸ್ಕೊಂಡೆ." ಆಮೇಲೆ ಅಂದರು: "ಸುಮ್ನಿರೋದನ್ನೂ ಜನ ಓದ್ತಾರೆ ಅಂತ ನಂಗೆ ಹೊಳೀಲಿಲ್ಲ ಕಣಯ್ಯ. ನೀನಾದ್ರೂ ಹೇಳ್ಬೇಕಾಗಿತ್ತು."

ಅವರು ಆ ಹುಳು ಹಿಡಿದ ಕಾಯಿಯನ್ನು ಕೈಯಲ್ಲೇ ಹಿಡಿದುಕೊಂಡು ಕೇಳಿದರು: "ನಾನು ಹೇಳ್ದೆ ಅಂತ ಪ್ಯಾಟೇಲೆಲ್ಲ ಹಬ್ಬೈತಲ್ಲ. ಮೊದ್ಲು ಯಾರು ಹಂಗಂದಿದ್ದು, ನಿಂಗೇನಾದ್ರೂ ಗೊತ್ತಾ ಷೇರಪ್ಪಾ?"

ಕೊಟ್ಟಿಗೆಯಲ್ಲಿ ಹಸುವಿನ ಕಣ್ಣು ನೋಡುತ್ತಿದ್ದ ಹಾಗೆಯೇ ನನ್ನ ಕಣ್ಣು ನೋಡುತ್ತಿದ್ದರು. ನಾನು ಕಣ್ಣು ತಪ್ಪಿಸಿ, "ಗೊತ್ತಿಲ್ಲ ಡಾಕ್ಟ್ರೇ" ಎಂದೆ.

"ಹೋಗ್ಲಿ ಬುಡು" ಎಂದರು. ಅವರೇ ಮೊದಲು ಇಳಿದು, ನನ್ನ ಕಾಲು ಜಾರದಂತೆ ಕೆಳಗಿನಿಂದ ಏಣಿ ಹಿಡಿದುಕೊಂಡರು.

ಮುಂದಿನ ವರ್ಷ ಚುನಾವಣೆ. ಎದುರಾಳಿಗಳಿಗೆ ಭಾಷಣ ಬರೆದುಕೊಡುವವರೇ ಬೇಕಿರಲಿಲ್ಲ. ಅಟ್ಟದ ಕಳ್ಳ ಎಂದರೆ ಸಾಕು, ಮೂರು ತಾಲ್ಲೂಕಿಗೂ ಅರ್ಥವಾಗುತ್ತಿತ್ತು. ಆಟೋಗಳಲ್ಲಿ ಮೈಕು ಕಟ್ಟಿ ಅದನ್ನೇ ಕೂಗಿಕೊಂಡು ನಮ್ಮ ಆಫೀಸಿನ ಮುಂದೆಯೇ ತಿರುಗುತ್ತಿದ್ದರು. ನಾನು ಬಾಯಿ ಬಿಡಲಿಲ್ಲ. ಯಾಕೆ ಎಂದು ಈಗ ನೇರವಾಗಿ ಹೇಳುತ್ತೇನೆ. ಆ ಮಾತು ಹುಟ್ಟಿದ್ದು ನನ್ನಿಂದ ಎಂದು ಹೇಳಿದರೆ ಜನ ಮೊದಲು ಕೇಳುವುದು, 'ನಿಂದು ಯಾವಾಗ ಇಳಿಸಿದೆ?' ಎಂದು. ನನ್ನದು ಒಳ್ಳೆಯ ಬೆಲೆ ಇರುವಾಗಲೇ ಇಳಿದಿತ್ತು. ಊರಿಗೆಲ್ಲ ತಡೆಯಿರಿ ಎಂದು ಹೇಳಿ ತಾನು ಮಾತ್ರ ಮಾರಿಕೊಂಡ ಎನ್ನುತ್ತಾರೆ. ಹೆಂಡತಿ ನನ್ನನ್ನು ಕೇಳದೆ ಮಾರಿದಳು ಎಂದರೆ ನಗುತ್ತಾರೆ. ಶೆಟ್ಟರಿಗೂ ನನ್ನ ಹೆಸರು ಎತ್ತಬ್ಯಾಡಿ ಎಂದು ಕೈಮುಗಿದು ಬಂದೆ. ಷೇರಿನ ಕಾನೂನಿನಲ್ಲಿ ಸುಮ್ಮನಿರುವವನಿಗೆ ಯಾವ ಶಿಕ್ಷೆಯೂ ಇಲ್ಲ. ಆ ಪಾಠವನ್ನು ಅವರಿಗೆ ಹೇಳಿಕೊಟ್ಟವನೇ ನಾನಲ್ಲವೇ?

ಅವರು ಸೋತರು. ಸೋತು ಹದಿನೈದು ದಿನಕ್ಕೆ ಮೆಟ್ಟಿಲು ಹತ್ತಿ ಬಂದರು, ಒಬ್ಬರೇ. ಕೆಳಗೆ ಕಾಯುವವರು ಯಾರೂ ಇರಲಿಲ್ಲ. "ಷೇರಪ್ಪಾ, ಈಗ ನಾನು ಏನೂ ತಿಳೀದೋನು. ಕೊಳ್ಳಬೌದಲ್ಲ?" ಎಂದು ನಕ್ಕರು. ಅದೇ ಪಂಪ್‌ಸೆಟ್ಟು, ಅದೇ ಇದ್ದಿಲು. ನಾನು ಕಂಪ್ಯೂಟರಿನ ಕಡೆ ಮುಖ ಮಾಡಿಕೊಂಡೇ ಎಲ್ಲ ಮುಗಿಸಿದೆ. ಆಮೇಲೂ ಬರುತ್ತಿದ್ದರು, ಕಾಫಿ ಕುಡಿಯುತ್ತಿದ್ದರು, ದನಗಳ ವಿಷಯ ಮಾತಾಡುತ್ತಿದ್ದರು. ಅಟ್ಟದ ಮಾತು ಒಂದು ಸಲವೂ ಎತ್ತಲಿಲ್ಲ. ಇವರಿಗೆ ಗೊತ್ತಿದೆಯೋ ಇಲ್ಲವೋ ಎಂದು ಅವರು ಬಂದಾಗಲೆಲ್ಲ ಅವರ ಮುಖ ನೋಡುತ್ತಿದ್ದೆ. ಏನೂ ಕಾಣುತ್ತಿರಲಿಲ್ಲ.

ಸಭೆ ಆದ ಮೂರನೇ ದಿನ, ಷೇರುಗಳನ್ನು ಅವರ ಹೆಂಡತಿಯ ಹೆಸರಿಗೆ ಮಾಡಲು ಸಹಿ ಹಾಕಿಸಿಕೊಳ್ಳಬೇಕೆಂದು ಶೆಟ್ಟಿಕೆರೆ ಬಸ್ಸು ಹತ್ತಿದೆ. ಅಭ್ಯಾಸದಂತೆ ಎಡಗಡೆ ಕಿಟಕಿ. ಅಂಗಳದಲ್ಲಿ ಮಟ್ಟೆಯ ಗುಡ್ಡೆ ಬಿದ್ದಿತ್ತು, ಇಬ್ಬರು ಸುಲಿಯುತ್ತಾ ಕೂತಿದ್ದರು. "ತಿಥಿಗೆ ಮುಂಚೆ ಅಟ್ಟ ಚೊಕ್ಕ ಮಾಡಿಸಾಣ ಅಂತ" ಎಂದರು ಅಮ್ಮ, ಡಾಕ್ಟ್ರ ಹೆಂಡತಿ. ನಾನು ತೋರಿಸಿದ ಕಡೆಯೆಲ್ಲ ಸಹಿ ಹಾಕಿದರು. ಕಾಗದ ಮಡಿಸಿಕೊಂಡು ಏಳುವಾಗ ಅವರೇ ಹೇಳಿದರು.

"ಜನ ಗೇಟಿಗೆ ಬಂದು ಮಣ್ಣು ತೂರಿದ್ರಲ್ಲ, ಅವತ್ತು ಸಂಜೇನೇ ಶೆಟ್ರನ್ನ ಕರೆಸಿ ಕೇಳಿದ್ರು. ಶೆಟ್ರು ನಿಮ್ಮ ಹೆಸರು ಹೇಳಿದ್ರು."

ಅಂದರೆ ಅಟ್ಟದ ಮೇಲೆ ನನ್ನನ್ನು ಕೇಳಿದಾಗ ಅವರಿಗೆ ಗೊತ್ತಿತ್ತು.

"ಎಲ್ಲರ ಮುಂದೆ ಹೇಳ್ಬುಡಿ ಅಂತ ನಾನು ಬಡ್ಕೊಂಡೆ" ಎಂದರು ಅಮ್ಮ. "ಬ್ಯಾಡ ಕಣೇ, ಅವ್ರ ಮನೆ ಕೊಬ್ಬರಿ ಆಗ್ಲೇ ಮಾರಿ ಹೋಗೈತೆ, ಜನ ಆ ವಯ್ಯನ್ನ ಸುಮ್ನೆ ಬುಡಲ್ಲ ಅಂದ್ರು. ಆಮ್ಯಾಕೆ ಅವನೇ ಬಂದು ಹೇಳ್ತಾನೆ ನೋಡ್ತಿರು ಅಂತಿದ್ರು. ಕೊನೆ ಗಂಟ ಅಂತಿದ್ರು."

ಕಾಫಿ ಕುಡಿದು ಹೋಗಿ ಎಂದರು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ರಸ್ತೆಗೆ ಬಂದು, ತಿಪಟೂರಿನ ಕಡೆ ಹೋಗುವ ಬಸ್ಸು ಬಂದ ಕೂಡಲೇ ಹತ್ತಿದೆ. ಎದುರಿನ ಸೀಟಿನಲ್ಲಿ ಇಬ್ಬರು ರೈತರು ಕಿಟಕಿಯಿಂದ ಅದೇ ಅಂಗಳ ನೋಡುತ್ತಿದ್ದರು.

"ನೋಡ್ಲಾ, ಡಾಕ್ಟ್ರ ಮನೇಲಿ ಮಟ್ಟೆ ಬಿದ್ದೈತೆ."

"ರೇಟು ಇಳೀತದೆ ಕಣ್ಲಾ. ಹೋಗಕ್ ಮುಂಚೆ ಮನೆಯೋರಿಗೆ ಹೇಳೇ ಹೋಗವ್ರೆ. ಆ ಸಲ ನಮ್ಮನ್ನ ಮುಳುಗಿಸ್ದಂಗೆ ಈ ಸಲಾನೂ ಮುಳುಗಿಸ್ತಾರೆ."

ಎದ್ದು ನಿಂತೆ. ಬಸ್ಸು ಕುಲುಕುತ್ತಿತ್ತು, ಕಂಬಿ ಹಿಡಿದುಕೊಂಡೆ. ಹೇಳಿಬಿಟ್ಟೆ. "ಅದು ಡಾಕ್ಟ್ರು ಹೇಳಿದ್ದಲ್ಲ ಕಣಪ್ಪ. ನಾನು ಹೇಳಿದ್ದು. ಅವ್ರ ಅಟ್ಟದಲ್ಲಿ ಕಾಯಿ ಹುಳ ಹಿಡಿದು ಹೋಯ್ತು, ನಾನು ಕಣ್ಣಾರೆ ನೋಡಿದೀನಿ. ಅವ್ರು ಒಂದು ಕಾಯೀನೂ ಮಾರಲಿಲ್ಲ, ಯಾರಿಗೂ ಒಂದು ಮಾತೂ ಹೇಳಲಿಲ್ಲ." ದನಿ ಜೋರಾಗಿತ್ತು. ಕಂಡಕ್ಟರು ತಿರುಗಿ ನೋಡಿದ. ಹಿಂದಿನ ಸೀಟಿನವರು ಮಾತು ನಿಲ್ಲಿಸಿದರು. ಇಷ್ಟು ವರ್ಷದ ಮೇಲೆ ಎದೆ ಹಗುರಾಯಿತು ಎನಿಸಿತು.

ಇಬ್ಬರಲ್ಲಿ ಹಿರಿಯನು ನನ್ನನ್ನು ಮೇಲಿಂದ ಕೆಳಗೆ ನೋಡಿದ. "ತಮ್ಮದು ಯಾವೂರಾಯ್ತು?"

"ಬಿಳಿಗೆರೆ."

"ಆ ವರ್ಷ ತಮ್ಮ ಅಟ್ಟ ಯಾವಾಗ ಇಳೀತು?"

ಸುಳ್ಳು ಹೇಳಬಹುದಿತ್ತು. ಇವತ್ತಾದರೂ ಬೇಡ ಎನಿಸಿತು. "ಮೊದ್ಲೇ ಇಳಿದಿತ್ತು. ರೇಟು ಬೀಳೋಕೆ ತಿಂಗಳು ಮುಂಚೆ."

ಅವನು "ಓಹೋ" ಎಂದ. ಕಿಟಕಿಯ ಕಡೆ ತಿರುಗಿಕೊಂಡ. ನಾನು ಕೂತೆ. ಸ್ವಲ್ಪ ದೂರ ಹೋದ ಮೇಲೆ ಅವನು ಪಕ್ಕದವನ ಕಡೆಗೆ ಬಾಗಿ ಮೆಲ್ಲಗೆ ಹೇಳಿದ್ದು ನನಗೂ ಕೇಳಿಸಿತು.

"ಇಬ್ರೂ ಸೇರ್ಕಂಡೇ ಮಾಡವ್ರೆ ಕಣ್ಲಾ."